ವಕೀಲರ ಮನೆಯ ಫಿಲ್ಟರು, ಹೊನ್ನಕ್ಕನ ಮುಳ್ಳು

ಮಧುಗಿರಿ ಬೆಟ್ಟದ ಮೇಲೆ ಹುಲ್ಲು ಹುಟ್ಟದಿದ್ದರೂ ಮುಳ್ಳಿಗೇನೂ ಬರವಿಲ್ಲ ಎಂದು ಓಬಳಪ್ಪ ಹೇಳುತ್ತಿದ್ದ. ಅವನು ಹೇಳುತ್ತಿದ್ದದ್ದು ಮುಳ್ಳುಹಂದಿಯ ಮುಳ್ಳಿನ ಮಾತು. ಬಂಡೆಯ ಸಂದುಗಳಲ್ಲಿ ಬಿಲ ಮಾಡಿಕೊಂಡಿರುವ ಆ ಪ್ರಾಣಿ ಉದುರಿಸಿ ಹೋದ ಕಪ್ಪು ಬಿಳುಪು ಪಟ್ಟೆಯ ಮುಳ್ಳುಗಳನ್ನು ಕೋಟೆ ಬಾಗಿಲ ಕೆಳಗಿನ ನಾಯಕರ ಕೇರಿಯ ಗಂಡಸರು ಆರಿಸಿ ತರುತ್ತಿದ್ದರು. ಕೇರಿಯ ಹೆಂಗಸರಿಗೆ ಅದಿಲ್ಲದೆ ದಿನ ಕಳೆಯದು. ಬೈತಲೆ ತೆಗೆಯಲು ಅದೇ, ಹಣೆಗೆ ಕುಂಕುಮ ತೀಡಲು ಅದೇ, ಕಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳಲೂ ಅದೇ. ಕೆಲಸ ಮುಗಿದ ಮೇಲೆ ಸೀರೆಗೆ ಒರೆಸಿ ತುರುಬಿಗೆ ಸಿಕ್ಕಿಸಿದರೆ ಆಯಿತು.

ಓಬಳಪ್ಪನ ಹೆಂಡತಿ ಹೊನ್ನಕ್ಕನ ತುರುಬಿನಲ್ಲಿದ್ದ ಮುಳ್ಳು ಅವಳ ತಾಯಿಯದು. ಗೇಣುದ್ದ, ಮೂರು ಕಡೆ ಬಿಳಿ ಪಟ್ಟೆ, ಎಣ್ಣೆ ಕುಡಿದು ಕುಡಿದು ಹೊಳಪು ಬಂದಿತ್ತು. ತಾಯಿಯಿಂದ ಅವಳಿಗೆ ಬಂದ ಆಸ್ತಿ ಎಂದರೆ ಅದೊಂದೇ. ಹೊಟ್ಟೆಯಲ್ಲಿ ಹುಟ್ಟಿದ ಒಂದು ಗಂಡುಕೂಸು ಕಣ್ಣು ಬಿಡುವ ಮುಂಚೆಯೇ ಹೋಗಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಆ ನೋವನ್ನು ಅವಳು ಯಾರ ಮುಂದೆಯೂ ಬಿಚ್ಚಿದವಳಲ್ಲ. ಆದರೆ ಅದೇ ವರ್ಷ ವಕೀಲ ವೆಂಕಟರಾಮಯ್ಯನವರ ಹೆಂಡತಿ ಹೆತ್ತು ಸತ್ತಾಗ, ಆ ತಬ್ಬಲಿ ಹೆಣ್ಣುಕೂಸಿಗೆ ಬೆಳಗಾದರೆ ಮೇಕೆ ಹಾಲು ಕರೆದು, ಕೊಂಡೊಯ್ದು ಕೊಟ್ಟವಳು ಹೊನ್ನಕ್ಕ. ಹಸುವಿನ ಹಾಲು ದಕ್ಕದ ಕೂಸಿಗೆ ಮೇಕೆ ಹಾಲು ದಕ್ಕಿತು. ಹಾಲು ಹಿಡಿದು ಹೋದವಳು ಮುಸುರೆ ತಿಕ್ಕಲು ನಿಂತಳು, ಮುಸುರೆ ತಿಕ್ಕುತ್ತಾ ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. ಭಾಗೀರಥಿ ಎಂದು ಹೆಸರಿಟ್ಟಿದ್ದ ಆ ಕೂಸು ಹಿತ್ತಿಲಲ್ಲಿ ಹೊನ್ನಕ್ಕನ ತುರುಬಿನ ಮುಳ್ಳು ಎಳೆದು ಎಳೆದು ಬೆಳೆಯಿತು. ಹಿತ್ತಿಲಿನಿಂದ ಒಳಗೆ ಹೋಗುವಾಗ ಮಾತ್ರ ಅಜ್ಜಿ ಅದರ ಬಟ್ಟೆ ಬಿಚ್ಚಿಸಿ ನೀರು ಹುಯ್ದೇ ಕರೆದುಕೊಳ್ಳುತ್ತಿದ್ದದ್ದು.

ಅಜ್ಜಿ ಎಂದರೆ ನರಸಿಂಹಮ್ಮ, ವಕೀಲರ ತಾಯಿ. ಗಂಡ ಸತ್ತ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಹೆಂಗಸು. ಮನೆಯ ಯಜಮಾನಿಕೆ ಪೂರ್ತಿ ಅವರದೇ, ಮನೆಯ ಮಂಗಳಕಾರ್ಯದಲ್ಲಿ ಮಾತ್ರ ಮುಖ ತೋರಿಸುವಂತಿಲ್ಲ. ಇಂಥ ವ್ಯವಸ್ಥೆ ಮಾಡಿದವರು ಯಾರೋ, ಅವರಿಗೆ ತಾಯಿ ಇರಲಿಲ್ಲವೇನೋ.

ಆ ಮನೆಯಲ್ಲಿ ಎಲ್ಲದಕ್ಕೂ ಹೆಚ್ಚಿನ ಮರ್ಯಾದೆ ಇದ್ದದ್ದು ಒಂದು ಹಿತ್ತಾಳೆ ಫಿಲ್ಟರಿಗೆ. ವಕೀಲರು ಬೆಂಗಳೂರಿನ ಪೇಟೆಯಿಂದ ಅದನ್ನು ಹೊಸ ಸೊಸೆಯನ್ನು ತಂದ ಹಾಗೆ ತಂದಿದ್ದರು. ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಮೇಲಿನದರ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು. ಪುಡಿ ಹಾಕಿ, ಹಿಡಿ ಇರುವ ಬಿಲ್ಲೆಯಿಂದ ಮೆತ್ತಗೆ ಒತ್ತಿ, ಕುದಿನೀರು ಸುರಿದು ಮುಚ್ಚಿದರೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಕೆಳಗಿಳಿಯಬೇಕು. ಮೊದಲ ಡಿಕಾಕ್ಷನ್ ವಕೀಲರಿಗೆ, ಎರಡನೆಯದು ಜಗಲಿಯಲ್ಲಿ ಕಾದು ಕೂತ ಕಕ್ಷಿಗಾರರಿಗೆ, ಬಣ್ಣ ಮಾತ್ರ ಉಳಿದ ಮೂರನೆಯದು ಹಿತ್ತಿಲಲ್ಲಿ ಹೊನ್ನಕ್ಕನ ಲೋಟಕ್ಕೆ, ತಾಕದ ಹಾಗೆ ಮೇಲಿನಿಂದ.

ಆ ಫಿಲ್ಟರು ಸುಮ್ಮನೆ ತೊಳೆದರೆ ಕೇಳುವ ಜಾತಿಯದಲ್ಲ. ಮಧುಗಿರಿಯ ಬಾವಿ ನೀರು ಗಡಸು, ಕುದಿಸಿದರೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ಒಂದು ಕಡೆ, ಪುಡಿಯ ಜಿಡ್ಡು ಇನ್ನೊಂದು ಕಡೆ. ವಾರ ಬಿಟ್ಟರೆ ತೂತು ಮುಚ್ಚಿಹೋಗುತ್ತಿತ್ತು. ಹೊನ್ನಕ್ಕ ಹುಣಸೆಹಣ್ಣಿನ ನೀರಿನಲ್ಲಿ ಅದನ್ನು ನೆನೆಹಾಕಿ, ಬೂದಿಯಲ್ಲಿ ಉಜ್ಜಿ, ಪೊರಕೆ ಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ, ಕೊನೆಗೆ ತಳವನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದಳು. ಎಲ್ಲ ತೂತಿನಲ್ಲೂ ಬೆಳಕು ಕಂಡರೆ ಬೋರಲು ಹಾಕಿ ದೂರ ಸರಿಯುತ್ತಿದ್ದಳು. ನರಸಿಂಹಮ್ಮ ಬಂದು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಶಿರಾದಿಂದ ಬರುವ ಕಲಾಯಿ ಸಾಬರು ಎಷ್ಟೋ ಸಲ ಕೇಳಿದ್ದರು, ಇದಕ್ಕೂ ಕಲಾಯಿ ಹಾಕಲೇ ಎಂದು. ತವರ ಕೂತರೆ ತೂತು ಉಳಿಯುವುದಿಲ್ಲ ಎಂದು ಹೊನ್ನಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ಭಾಗೀರಥಿ ಮದುವೆಯಾಗಿ ಪಾವಗಡಕ್ಕೆ ಹೋದಳು. ಗಂಡ ಅಲ್ಲಿ ಮೇಷ್ಟರು, ತಂದೆ ತಾಯಿ ಇಲ್ಲದವನು, ಒಳ್ಳೆಯವನು. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಎರಡನೆಯದಂತೂ ತಿಂಗಳು ತುಂಬುವ ಹೊತ್ತಿಗೆ. ಆಗ ಬಾಣಂತಿಯಲ್ಲದ ಬಾಣಂತಿಯಾಗಿ ತವರಿಗೆ ಬಂದು ಮಲಗಿದ್ದವಳು, ಹಿತ್ತಿಲ ಕಿಟಕಿಯಿಂದ ಕೈ ಹೊರಗೆ ಚಾಚಿ ಹೊನ್ನಕ್ಕನ ಕೈ ಹಿಡಿದಿದ್ದಳು.

"ಇನ್ನೊಂದು ಸಲ ಆದ್ರೆ ನೀನು ನನ್ನ ಹತ್ರಾನೇ ಇರ್ಬೇಕು ಹೊನ್ನಕ್ಕ. ಪಾವಗಡದಲ್ಲಿ ಯಾರೂ ಇರ್ಲಿಲ್ಲ. ನಂಗೆ ಭಯ ಆಗಿತ್ತು."

"ಇರ್ತೀನಿ ಕಣವ್ವ. ಬಾಗಲು ಹಾಕಿದ್ರೆ ಬಾಗ್ಲಾಗೇ ಕುಂತಿರ್ತೀನಿ" ಎಂದಿದ್ದಳು ಹೊನ್ನಕ್ಕ. ಮಾತು ಕೊಟ್ಟದ್ದು ಹಗುರವಾಗಿಯಲ್ಲ. ಅವತ್ತಿನಿಂದ ಅವಳ ಬದುಕಿಗೆ ಅದೊಂದೇ ಕೆಲಸ ಉಳಿದ ಹಾಗಿತ್ತು.

ಅಷ್ಟರಲ್ಲಿ ಯುದ್ಧ ಶುರುವಾಗಿ ವರ್ಷಗಳಾಗಿದ್ದವು. ಎಲ್ಲೋ ಕಾಣದ ದೇಶದಲ್ಲಿ ಗುಂಡು ಹಾರಿದರೆ ಮಧುಗಿರಿಯಲ್ಲಿ ಸೀಮೆಎಣ್ಣೆ ಮಾಯವಾಯಿತು, ಸಕ್ಕರೆ ಮಾಯವಾಯಿತು, ಕೊನೆಗೆ ಕಾಫಿಬೀಜವೂ ಮಾಯವಾಯಿತು. ಅಂಗಡಿಯ ಶಂಕರಲಿಂಗಪ್ಪ ಚಿಕೋರಿ ಬೆರೆಸಿ ಕೊಟ್ಟ ಪುಡಿಯೂ ತಿಂಗಳಿಗೆ ಸಾಲುತ್ತಿರಲಿಲ್ಲ. ವಕೀಲರಿಗೆ ಇದೊಂದೂ ಗೊತ್ತಿಲ್ಲ. ಬೆಳಿಗ್ಗೆ ಲೋಟ ಕೈಗೆ ಬರಬೇಕು, ಜಗಲಿಯಲ್ಲಿ ಕೂತವರಿಗೂ ಕೊಡಬೇಕು. ಕಾಫಿ ಕೊಡದ ವಕೀಲರ ಮನೆಗೆ ಯಾರು ಬರುತ್ತಾರೆ?

ಒಂದು ದಿನ ನರಸಿಂಹಮ್ಮ ಹಿತ್ತಿಲಿಗೆ ಬಂದು ದನಿ ತಗ್ಗಿಸಿ, "ಹುಣಸೆಬೀಜ ಇದ್ರೆ ಒಂದು ಸೇರು ತಂದುಕೊಡೇ" ಎಂದರು.

ಬೇಸಗೆಯಲ್ಲಿ ಹೊನ್ನಕ್ಕನ ಕೇರಿ ಹುಣಸೆಹಣ್ಣು ಬಡಿದು ಬೀಜ ಬಿಡಿಸಿಯೇ ಹೊಟ್ಟೆ ಹೊರೆಯುತ್ತಿದ್ದದ್ದು. ಬೀಜಕ್ಕೆ ಬರವಿಲ್ಲ. ತಂದುಕೊಟ್ಟಳು. ಅಜ್ಜಿ ಅದನ್ನು ಕಪ್ಪಗೆ ಹುರಿದು, ಕಾಫಿಪುಡಿ ಮಾಡುವ ಕೈಗಿರಣಿಗೇ ಹಾಕಿ ತಿರುಗಿಸಿದ್ದರ ವಾಸನೆ ಹಿತ್ತಿಲಿಗೂ ಬಂತು. ಹುಲಿಕುಂಟೆ ಕಡೆ ಕಂಬಳಿ ನೇಯುವವರು ನೂಲಿಗೆ ಬಿಗಿ ಬರಲಿ ಎಂದು ಹುಣಸೆಬೀಜದ ಅಂಟು ಕಾಯಿಸಿ ಬಳಿಯುತ್ತಾರೆ. ಕಂಬಳಿಯನ್ನೇ ಗಟ್ಟಿ ಮಾಡುವ ಆ ಅಂಟು ಫಿಲ್ಟರಿನ ತೂತನ್ನು ಬಿಟ್ಟೀತೇ? ವಾರಕ್ಕೊಮ್ಮೆ ಕಟ್ಟುತ್ತಿದ್ದದ್ದು ದಿನಾ ಕಟ್ಟತೊಡಗಿತು. ಅಜ್ಜಿ ಬಾಯಿ ಬಿಡಲಿಲ್ಲ. ಹೊನ್ನಕ್ಕನೂ ಕೇಳಲಿಲ್ಲ. ದಿನಾ ಬಿಡಿಸಿದಳು.

ಆಶ್ವಯುಜದಲ್ಲಿ ಪಾವಗಡದಿಂದ ಸುದ್ದಿ ಬಂತು: ಭಾಗಿಗೆ ಮತ್ತೆ ದಿನ ನಿಂತಿದೆ, ಆರು ತಿಂಗಳು ತುಂಬಿದ ಮೇಲೆ ಸೀಮಂತಕ್ಕೆ ತವರಿಗೇ ಬರುತ್ತಾಳೆ, ಹೆರಿಗೆಯೂ ಇಲ್ಲೇ. ಹೊನ್ನಕ್ಕ ಆ ಸಂಜೆ ದಂಡಿನ ಮಾರಮ್ಮನ ಗುಡಿಗೆ ಹೋಗಿ ಹಣೆ ನೆಲಕ್ಕೆ ಹಚ್ಚಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಓಬಳಪ್ಪ ಬಂದು, "ಮಾರವ್ವಂಗೂ ಒಸಿ ಉಸ್ರಾಡಾಕೆ ಬುಡೇ" ಎಂದು ಎಬ್ಬಿಸಿದ.

ಕೆಟ್ಟದ್ದು ಆದದ್ದು ಕಾರ್ತಿಕದಲ್ಲಿ.

ಅವತ್ತು ಐ.ಡಿ.ಹಳ್ಳಿಯ ಒಂದು ದೊಡ್ಡ ಜಮೀನಿನ ವ್ಯಾಜ್ಯ ಕೋರ್ಟಿನಲ್ಲಿತ್ತು. ವಕೀಲರು ಬೆಳಿಗ್ಗೆಯೇ ಕರಿಕೋಟು ತೊಟ್ಟು ಕೂತಿದ್ದರು, ಜಗಲಿಯ ತುಂಬ ಜನ. ಒಳಗೆ ಫಿಲ್ಟರು ಹಿಡಿದ ನೀರನ್ನು ಹಾಗೇ ಹಿಡಿದುಕೊಂಡು ಕೂತಿತ್ತು, ಒಂದು ತೊಟ್ಟೂ ಇಳಿದಿರಲಿಲ್ಲ. ನರಸಿಂಹಮ್ಮ ಅದನ್ನು ಹಿತ್ತಿಲಿಗೆ ತಂದು, ಗಸಿ ಸಮೇತ ಕಲ್ಲಿನ ಮೇಲಿಟ್ಟರು.

"ಬೇಗ ಬಿಡಿಸೇ. ಅವನು ಹೊರಡ್ತಾ ಇದಾನೆ."

ಗಸಿ ಅಂಟಂಟಾಗಿ ತಳಕ್ಕೆ ಮೆತ್ತಿಕೊಂಡಿತ್ತು. ನೆನೆಹಾಕಲು ಹೊತ್ತಿಲ್ಲ. ಪೊರಕೆ ಕಡ್ಡಿ ಹಾಕಿದಳು, ಬಾಗಿತು. ಇನ್ನೊಂದು ಹಾಕಿದಳು, ಮೆತ್ತಗಾಗಿ ಸೀಳಿತು. ಒಳಗಿನಿಂದ "ಆಯ್ತೇನೇ?" ಎಂಬ ಕೂಗು. ಹೊನ್ನಕ್ಕನ ಕೈ ತಾನಾಗಿಯೇ ತುರುಬಿಗೆ ಹೋಯಿತು. ಯೋಚನೆ ಮಾಡಿ ಮಾಡಿದ್ದಲ್ಲ. ಅವಳ ಕೇರಿಯಲ್ಲಿ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು. ಮುಳ್ಳಿನ ಮೊನೆ ಚುಚ್ಚಿದ ಕಡೆಯೆಲ್ಲ ತೂತು ಬಾಯಿ ಬಿಟ್ಟಿತು. ಕೊನೆಯ ಸಾಲಿಗೆ ಬಂದಾಗ ಏನೋ 'ಟಕ್' ಎಂದ ಹಾಗಾಯಿತು. ಎತ್ತಿ ನೋಡಿದಳು. ಮೊನೆ ಇರಲಿಲ್ಲ.

ಬೂದಿಯಲ್ಲಿ ಹುಡುಕಿದಳು, ಕಾಣಲಿಲ್ಲ. ನೀರಲ್ಲಿ ಜಾಲಿಸಿದಳು. ಬಿಸಿಲಿಗೆ ಹಿಡಿಯೋಣವೆಂದರೆ ಕಾರ್ತಿಕದ ಮೋಡ. "ಆಯ್ತೇನೇ" ಎಂಬ ಕೂಗು ಮತ್ತೆ ಬಂತು. ತೊಳೆದ ನೀರಲ್ಲಿ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಬೋರಲು ಹಾಕಿದಳು. ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಜಗಲಿಯಲ್ಲಿ ವಕೀಲರು ಎರಡು ಗುಟುಕು ಕುಡಿದದ್ದೇ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ಕಕ್ಷಿಗಾರರು ಬೆನ್ನು ಗುದ್ದಿದರು. ಕೊನೆಗೆ ಬಿಳಿ ಅಂಗವಸ್ತ್ರದ ಮೇಲೆ ರಕ್ತದ ಜೊತೆ ಒಂದು ಚೂರು ಬಿತ್ತು. ಭತ್ತದ ಕಾಳಿನಷ್ಟುದ್ದ, ಕಪ್ಪು, ಚೂಪು. ಗಂಟಲು ಬಾತುಕೊಂಡು ಅವತ್ತು ಅವರಿಗೆ ದನಿಯೇ ಹೊರಡಲಿಲ್ಲ. ಕೋರ್ಟಿನಲ್ಲಿ ವಾಯಿದೆ ಕೇಳಬೇಕಾಯಿತು.

ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನರಸಿಂಹಮ್ಮ ಹಿತ್ತಿಲಿಗೆ ಬಂದರು. ಹಿಂದೆಯೇ ಗಂಟಲು ಹಿಡಿದುಕೊಂಡು ವಕೀಲರೂ ಬಂದರು.

"ಫಿಲ್ಟರಿಗೆ ಏನು ಹಾಕಿದ್ಯೇ?"

"ಪೊರಕೆ ಕಡ್ಡಿ ಅಮ್ನೋರೆ."

"ಇದು ಪೊರಕೆ ಕಡ್ಡಿಯೇನೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊನ್ನಕ್ಕನ ಕೈ ತುರುಬಿಗೆ ಹೋಯಿತು. ಅಷ್ಟು ಸಾಕಾಯಿತು.

"ಅಯ್ಯೋ ಶಿವನೇ! ತಲೆಯಲ್ಲಿ ಸಿಕ್ಕಿಸಿಕೊಂಡಿದ್ದು, ಕಾಲಿನ ಮುಳ್ಳು ಕಿತ್ತಿದ್ದು, ಪ್ರಾಣಿ ಮೈಮೇಲಿಂದು! ಅದರಲ್ಲಿ ನಮ್ಮ ಕಾಫಿ ಇಳಿಸಿದ್ಯೇನೇ! ನನ್ನ ಮಗನ ಪ್ರಾಣ ಹೋಗಿದ್ರೆ?"

ಹೊನ್ನಕ್ಕ ತಲೆ ತಗ್ಗಿಸಿದಳು. ಆಗ ವಕೀಲರು, ದನಿ ಇಲ್ಲದ ದನಿಯಲ್ಲಿ, ಒಂದು ಪ್ರಶ್ನೆ ಕೇಳಿದರು. ಎಷ್ಟಾದರೂ ವಕೀಲರು.

"ಅಮ್ಮ, ಈ ಫಿಲ್ಟರು ಈಚೆಗೆ ದಿನಾ ಯಾಕೆ ಹೀಗೆ ಕಟ್ಕೊಳ್ತಿದೆ?"

ನರಸಿಂಹಮ್ಮ ಹೊನ್ನಕ್ಕನ ಮುಖ ನೋಡಿದರು. ಎಂದೂ ಯಾರನ್ನೂ ಬೇಡದ ಆ ಕಣ್ಣು ಬೇಡಿದ್ದು ಹೊನ್ನಕ್ಕನಿಗೆ ಕಂಡಿತು. ಮನೆಯ ಮಾನ ಕಾಯಲು ಹುಣಸೆಬೀಜ ಹುರಿದ ಮುದುಕಿ, ಮಗನ ಮುಂದೆ ಅದನ್ನು ಹೇಗೆ ಹೇಳಿಯಾಳು? ಹೊನ್ನಕ್ಕ ಬಾಯಿ ಬಿಡಲಿಲ್ಲ.

ನರಸಿಂಹಮ್ಮನೇ ಬಾಯಿ ಬಿಟ್ಟರು. "ಇವಳು ಸರಿಯಾಗಿ ತಿಕ್ಕಿದ್ರೆ ಯಾಕಪ್ಪ ಕಟ್ಕೊಳ್ತಿತ್ತು! ನಾಳೆಯಿಂದ ಬರಬೇಡ ಹೊನ್ನಕ್ಕ. ಈ ಹಿತ್ತಿಲು ತುಳೀಬೇಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಆದರೆ ಇಲ್ಲಿ ಎಮ್ಮೆಯದೂ ತಪ್ಪಿತ್ತಲ್ಲ, ಅದೇ ಕಷ್ಟ. ಪೂರ್ತಿ ತಪ್ಪಿಲ್ಲದವಳು ಜಗಳಕ್ಕೆ ನಿಲ್ಲಬಹುದಿತ್ತು. ಹೊನ್ನಕ್ಕ ಗೂಡಿನಲ್ಲಿದ್ದ ತನ್ನ ಲೋಟವನ್ನು ತೆಗೆದುಕೊಂಡು ಹೊರಟುಬಂದಳು.

ಸುದ್ದಿ ಕೇಳಿ ಓಬಳಪ್ಪ ಹಾರಾಡಿದ. "ಬೀಜದ ಇಚಾರ ಯಾಕೆ ಯೇಳ್ಲಿಲ್ಲ ನೀನು? ಆ ವಕೀಲ್ರ ಮುಂದ್ಲೇ ಯೇಳ್ಬುಡ್ಬೇಕಾಗಿತ್ತು!"

"ಯೇಳಿದ್ರೆ ಭಾಗವ್ವನ ಅಜ್ಜಿ ಮಕ ಯೆಲ್ಲಿಕ್ಕಂತಿದ್ಲು? ಮುಳ್ಳು ಆಕಿದ್ದು ನಾನೇ ತಾನೆ? ಬುಡು."

"ನೀನು ಇಂಗೇ ಬುಡು ಬುಡು ಅಂತ ಇರು. ಯೆರಿಗೆ ಒತ್ನಾಗೆ ನಿನ್ನ ಯಾರು ಕರೀತಾರೆ ನೋಡಾನ."

ಆ ಮಾತೇ ಅವಳ ಎದೆಯಲ್ಲಿ ಮುರಿದು ಕೂತದ್ದು. ಕೆಲಸ ಹೋದದ್ದಕ್ಕೆ ಅವಳು ಅತ್ತವಳಲ್ಲ. ಹುಣಸೆ ಬಡಿಯಲು ಕೇರಿಯಲ್ಲಿ ಎಲ್ಲಿ ಬೇಕಾದರೂ ಕರೆಯುತ್ತಾರೆ. ಆದರೆ ಭಾಗಿ ಬರುವಾಗ ಆ ಹಿತ್ತಿಲಲ್ಲಿ ತಾನಿಲ್ಲ. ಕೊಟ್ಟ ಮಾತು ಯಾರ ಬಾಗಿಲಲ್ಲಿ ಕೂತು ನಡೆಸಲಿ?

ವಕೀಲರ ಮನೆಗೆ ಲಕ್ಕಮ್ಮ ಎಂಬವಳು ಹೊಸದಾಗಿ ಬಂದಳು. ಕಟ್ಟಿಕೊಂಡ ಫಿಲ್ಟರನ್ನು ಅವಳು ಒಗೆಯುವ ಕಲ್ಲಿಗೆ ಕುಟ್ಟಿ ಅಂಚು ನೆಗ್ಗಿಸಿದಳು. ಅಂದಿನಿಂದ ಮೇಲಿನ ಪಾತ್ರೆ ಕೆಳಗಿನದರ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲವಂತೆ, ವಕೀಲರು ಅರ್ಧ ಲೋಟ ಕುಡಿದು ಎದ್ದುಹೋಗುತ್ತಿದ್ದರಂತೆ. ಕೇಳಿದ ಹೊನ್ನಕ್ಕನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಯಾರೋ ತನ್ನ ಮೇಕೆಯ ಕಾಲು ಮುರಿದ ಹಾಗೆ ನೊಂದುಕೊಂಡಳು.

ಪುಷ್ಯ ಕಳೆದ ಮೇಲೆ ಭಾಗಿ ಬಂದಳು. ಆಗ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಬಸ್ಸು ಇಳಿದವರೆಲ್ಲ ಮುಖಕ್ಕೆ ಮಸಿ ಬಳಿದುಕೊಂಡೇ ಇಳಿಯುತ್ತಿದ್ದರು. ಹೊನ್ನಕ್ಕ ಹುಣಸೆಮರದ ಹಿಂದೆ ನಿಂತು ನೋಡಿದಳು. ಮಸಿಯ ಮುಖ, ತುಂಬಿದ ಹೊಟ್ಟೆ, ಸೊಂಟದ ಮೇಲೆ ಒಂದು ಕೈ. ಕೂಗಬೇಕೆಂದು ಬಾಯಿ ತೆರೆದವಳು ಅಜ್ಜಿ ಕಳಿಸಿದ್ದ ಆಳನ್ನು ನೋಡಿ ಮುಚ್ಚಿಕೊಂಡಳು. ಭಾಗಿ ಸುತ್ತ ಒಮ್ಮೆ ನೋಡಿ, ಯಾರನ್ನೋ ಕಾಣದೆ, ಗಾಡಿ ಹತ್ತಿದಳು.

ಸೀಮಂತಕ್ಕೆ ಎರಡು ದಿನ ಇದ್ದಾಗ ವಕೀಲರೇ ಕೇರಿಗೆ ಬಂದರು. ಕೋಟು ತೊಟ್ಟವರು ಆ ಕೇರಿಗೆ ಬಂದರೆ ನಾಯಿಗಳೂ ಬೊಗಳುವುದು ಮರೆಯುತ್ತವೆ. ಹೊನ್ನಕ್ಕ ಒಳಗೆ ಸರಿದಳು. ವಕೀಲರು ಓಬಳಪ್ಪನನ್ನು ಕರೆದು ಕಟ್ಟೆಯ ಪಕ್ಕ ನಿಂತು ಹೇಳಿದರು.

"ಮಗಳ ಸೀಮಂತ ಇದೆ ಕಣಪ್ಪ. ಶಾಸ್ತ್ರಕ್ಕೆ ಮುಳ್ಳುಹಂದಿ ಮುಳ್ಳು ಬೇಕು. ಮೂರು ಕಡೆ ಬಿಳಿ ಇರ್ಬೇಕು. ಗಂಡ ಅದರಲ್ಲಿ ಹೆಂಡತಿ ಬೈತಲೆ ತೆಗೀಬೇಕು. ಪುರೋಹಿತರ ಗಂಟಿನಲ್ಲಿದ್ದದ್ದನ್ನ ಇಲಿ ತಿಂದುಬಿಟ್ಟಿದೆ."

ಓಬಳಪ್ಪ ಬೇಕೆಂದೇ ಕೇಳಿದ. "ಮುಳ್ಳಂದಿ ಮುಳ್ಳಾ ಬುದ್ದಿ? ಬಸ್ರಿ ತಲೆಗಾ? ಮೈಲಿಗೆ ಆಗಾಕಿಲ್ವಾ?"

ವಕೀಲರಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು. "ಶಾಸ್ತ್ರದಲ್ಲಿ ಹಾಗಿದೆ" ಎಂದಷ್ಟೇ ಹೇಳಿ ಹೊರಟುಹೋದರು. ಅವರನ್ನು ದೂರುವುದೂ ಕಷ್ಟ. ಗಂಟಲಿಗೆ ಚುಚ್ಚಿಸಿಕೊಂಡವರು ಅವರೇ ಅಲ್ಲವೇ.

ಓಬಳಪ್ಪ ಒಳಗೆ ಬಂದು ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಈಗ ಸಿಕ್ಕವ್ರೆ ನೋಡು. ಮುಳ್ಳು ಬೇಕಾದ್ರೆ ಮುಳ್ಳಿನ ಯಜಮಾನಿನೂ ಬೇಕು ಅಂತ ಯೇಳ್ಬುಡ್ತೀನಿ."

"ಸುಮ್ಕಿರು. ಆ ಮಗಿನ ಮ್ಯಾಲೆ ಯಾಪಾರ ಮಾಡ್ತೀಯಾ?"

ಆದರೆ ಅವಳ ಸಂಕಟ ಅದಲ್ಲ. ಆ ಸಲ ಕೇರಿಯಲ್ಲಿ ಮೂರು ಬಿಳಿ ಪಟ್ಟೆಯ ಮುಳ್ಳು ಇದ್ದದ್ದು ಒಂದೇ, ಅವಳದು. ಅದರ ಮೊನೆ ಮುರಿದಿತ್ತು. ಮುರುಕು ಕನ್ನಡಿ, ಮುರುಕು ಬಳೆಯನ್ನೇ ಬಸುರಿಯ ಹತ್ತಿರ ಸುಳಿಯಗೊಡದವರು ಅವರ ಕೇರಿಯವರು. ಎರಡು ಸಲ ಬರಿದಾದ ಮಡಿಲು. ಮುರಿದ ಮುಳ್ಳು ಆ ತಲೆಯ ಮೇಲೆ ಹರಿದು, ಮತ್ತೆ ಏನಾದರೂ ಆದರೆ? ಅದರ ಪಾಪ ಯಾರಿಗೆ?

ಗಂಡ ಹೆಂಡತಿ ಇಬ್ಬರೂ ಮಾರನೆಯ ದಿನ ಬೆಟ್ಟ ಹತ್ತಿದರು. ಬಂಡೆ ಸಂದುಗಳಲ್ಲಿ ತೂರಿದರು, ಬಿಲದ ಬಾಯಲ್ಲಿ ಕೈ ಹಾಕಿದರು. ಮೊಣಕೈ ತರಚಿತು. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಬೆರಳುದ್ದದ ಎರಡು ಮುಳ್ಳು, ಒಂದೊಂದೇ ಪಟ್ಟೆಯವು. ಹೊನ್ನಕ್ಕ ಬಂಡೆಯ ಮೇಲೆ ಕೂತು, ಕೆಳಗೆ ಚುಕ್ಕಿಯಂತೆ ಕಾಣುವ ವಕೀಲರ ಮನೆಯ ಹೆಂಚು ನೋಡುತ್ತಾ, ಬಾಯಿ ಬಿಟ್ಟು ಅತ್ತಳು. ಓಬಳಪ್ಪ ತಮಾಷೆ ಮಾಡಲಿಲ್ಲ.

ಸೀಮಂತದ ಬೆಳಿಗ್ಗೆ ಅವಳು ತುಳಿಯಬಾರದೆಂದ ಹಿತ್ತಿಲನ್ನು ತುಳಿದಳು. ಮುಂದಿನ ಬಾಗಿಲಲ್ಲಿ ತೋರಣ, ನಡುಮನೆಯಲ್ಲಿ ಹೋಮದ ಹೊಗೆ. ಹಿಂದಿನ ಬಾಗಿಲ ಹತ್ತಿರ, ಒಳಗಡೆ, ನರಸಿಂಹಮ್ಮ ಒಬ್ಬರೇ ಇದ್ದರು. ಮೊಮ್ಮಗಳ ಸೀಮಂತದ ದಿನ ಅಜ್ಜಿ ನಡುಮನೆಗೆ ಹೋಗುವಂತಿಲ್ಲ.

"ತಂದ್ಯಾ?"

"ತಂದಿವ್ನಿ ಅಮ್ನೋರೆ." ಹೊನ್ನಕ್ಕ ಮುಳ್ಳನ್ನು ಬಾಳೆಲೆಯ ಮೇಲಿಟ್ಟು ಹೊಸ್ತಿಲ ಹತ್ತಿರ ಸರಿಸಿದಳು. "ತುದಿ ನೋಡಿ. ಮುರಿದೈತೆ. ಅವತ್ತು ನಿಮ್ಮ ಫಿಲ್ಟರ್ನಾಗೆ ಮುರಿದಿದ್ದು ಇದೇಯ. ಪೊರಕೆ ಕಡ್ಡಿ ಅಂತ ಸುಳ್ಳು ಯೇಳ್ಬುಟ್ಟೆ. ಬೆಟ್ಟಾನೆಲ್ಲ ಉಡುಕ್ದೆ, ಬ್ಯಾರೆ ಸಿಕ್ಲಿಲ್ಲ. ಬ್ಯಾಡ ಅಂದ್ರೆ ಎತ್ಕಂಡೋಯ್ತೀನಿ."

ನರಸಿಂಹಮ್ಮ ಅದನ್ನು ನೋಡಿದರು. ಆಮೇಲೆ ಹೊಸ್ತಿಲ ಒಳಗೇ ನೆಲಕ್ಕೆ ಕೂತರು.

"ಮುರಿದದ್ದು ನಿನಗೆ ಗೊತ್ತು, ನನಗೆ ಗೊತ್ತು. ಹುಣಸೆಬೀಜವೂ ನಿನಗೆ ಗೊತ್ತು, ನನಗೆ ಗೊತ್ತು. ಅವತ್ತು ನೀನು ಒಂದು ಮಾತು ಆಡಿದ್ರೆ ನನ್ನ ಗತಿ ಏನಾಗ್ತಿತ್ತೇ?"

"ಆಡ್ಲಿಲ್ವಲ್ಲ ಅಮ್ನೋರೆ."

"ಆಡ್ಲಿಲ್ಲ. ಅದಕ್ಕೇ ನಿನ್ನ ಮೇಲೆ ಇನ್ನೂ ಕೋಪ ಬಂತು."

ಹೊನ್ನಕ್ಕ ತನ್ನ ಭಯವನ್ನೇ ಹೇಳಿದಳು. "ಮುರುಕು ಮುಳ್ಳು ಮಗೀಗೆ ಕೇಡು ಮಾಡಿದ್ರೆ?"

"ನನಗೂ ಅದೇ ಭಯ ಕಣೇ. ಎರಡು ದಿನದಿಂದ ಒಂದು ಗುಟುಕು ನೀರು ಇಳೀತಿಲ್ಲ. ಮುಳ್ಳಿಲ್ಲದೆ ಶಾಸ್ತ್ರ ಬಿಟ್ರೂ ಭಯ, ಮಾಡಿದ್ರೂ ಭಯ." ಒಳಗಿನಿಂದ ಪುರೋಹಿತರು ಮುಳ್ಳು ಬಂತೇ ಎಂದು ಕೂಗಿದರು. ನರಸಿಂಹಮ್ಮ ಎದ್ದರು. ಮುಳ್ಳಿಗೆ ನೀರು ಹುಯ್ದರು, ಅರಿಶಿನ ಕಲಸಿ ಮುರಿದ ತುದಿಗೆ ಮೆತ್ತಿದರು, ಮೇಲೆ ದರ್ಭೆಯ ಎಳೆ ಸುತ್ತಿದರು. "ಮೂರು ಬಿಳಿ ಇದೆ. ಶಾಸ್ತ್ರ ಕೇಳೋದು ಅಷ್ಟನ್ನೇ" ಎಂದು ತಮಗೇ ಹೇಳಿಕೊಂಡ ಹಾಗೆ ಹೇಳಿ, ಮುಳ್ಳಿಗಾಗಿ ಬಂದ ಹುಡುಗನ ಕೈಯಲ್ಲಿ ಒಳಗೆ ಕಳಿಸಿದರು.

ಅವರಿಬ್ಬರೂ, ಒಬ್ಬರು ಹೊಸ್ತಿಲ ಒಳಗೆ, ಒಬ್ಬಳು ಹೊರಗೆ, ಗೋಡೆಗೆ ಒರಗಿ ಕೂತು ಕೇಳಿದರು. ಮಂತ್ರ ಏರಿತು. ಭಾಗಿಯ ಬಳೆ ಸದ್ದಾಯಿತು. ಈಗ ಮುಳ್ಳು ಹಣೆಯಿಂದ ಮೇಲಕ್ಕೆ ಹೋಗುತ್ತಿರಬೇಕು ಎಂದುಕೊಂಡು ಹೊನ್ನಕ್ಕ ಕಣ್ಣು ಮುಚ್ಚಿದಳು. ತಾನು ಎಣ್ಣೆ ಹಚ್ಚಿ ಬಾಚಿದ ತಲೆ ಅದು. ನರಸಿಂಹಮ್ಮನ ತುಟಿ ಅಲುಗುತ್ತಿತ್ತು. ಆಕೆಯೂ ಆ ತಲೆಯನ್ನು ಬಾಚಿದವರೇ.

ಎಲ್ಲ ಮುಗಿದು ಊಟದ ಗದ್ದಲ ಶುರುವಾದಾಗ ನರಸಿಂಹಮ್ಮ ಒಳಗೆ ಹೋಗಿ ಫಿಲ್ಟರು ತಂದು ಹೊಸ್ತಿಲ ಈಚೆ ಇಟ್ಟರು. ಅಂಚು ನೆಗ್ಗಿತ್ತು, ತಳ ಕಪ್ಪಾಗಿತ್ತು, ಅರ್ಧ ತೂತು ಮುಚ್ಚಿಹೋಗಿತ್ತು.

"ಇದರ ಗತಿ ನೋಡು. ನಿನ್ನ ಬಿಟ್ರೆ ಯಾರ ಮಾತೂ ಕೇಳಲ್ಲ."

ಹೊನ್ನಕ್ಕ ಅದನ್ನು ಮಡಿಲಿಗೆ ಎಳೆದುಕೊಂಡಳು. ಕೈ ಅಭ್ಯಾಸದ ಮೇಲೆ ತುರುಬಿಗೆ ಹೋಯಿತು, ಬರೀ ಕೂದಲು ಸಿಕ್ಕಿತು. ಇಬ್ಬರೂ ಆ ಕೈಯನ್ನೇ ನೋಡಿದರು. ನರಸಿಂಹಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. "ಪೊರಕೆ ಕಡ್ಡಿಯಲ್ಲೇ ಬಿಡಿಸು. ಅವಸರ ಇಲ್ಲ" ಎಂದರು.

ನಿಧಾನವಾಗಿ ಬಿಡಿಸಿದಳು. ಬಿಸಿಲಿಗೆ ಹಿಡಿದು ನೋಡಿದಳು. ಅವತ್ತು ಮಗಳ ಸೀಮಂತಕ್ಕೆಂದು ವಕೀಲರು ಎಲ್ಲಿಂದಲೋ ಅಪ್ಪಟ ಪುಡಿ ತರಿಸಿದ್ದರು. ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ನರಸಿಂಹಮ್ಮ ಹೊನ್ನಕ್ಕನಿಗೇ ತಂದರು. ಘಮ ಮೂಗಿಗೆ ಬಂದರೂ ಅವಳು ಮುಟ್ಟಲಿಲ್ಲ.

"ಭಾಗವ್ವಂಗೆ ಎರಿಗೆ ಆಗ್ಲಿ ಅಮ್ನೋರೆ. ಕೂಸಿನ ಅಳು ಕೇಳಿದ ಮ್ಯಾಲೆ ಕುಡೀತೀನಿ."

ಸಂಜೆ ಭಾಗಿ ಹಿತ್ತಿಲಿಗೆ ಓಡಿಬಂದಳು. ಓಡಬೇಡ ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅವಳ ತುರುಬಿನಲ್ಲಿ ಮುಳ್ಳಿತ್ತು. "ಇದು ನಿಂದು ಅಂತ ನೋಡಿದ ತಕ್ಷಣ ಗೊತ್ತಾಯ್ತು. ಹೆರಿಗೆ ಆಗೋವರೆಗೂ ಕೊಡಲ್ಲ" ಎಂದಳು. ಹೊನ್ನಕ್ಕ ಹೂ ಎಂದಳು. ಅಂದಿನಿಂದ ಮತ್ತೆ ಹಿತ್ತಿಲ ಕೆಲಸಕ್ಕೆ ಬರತೊಡಗಿದ ಹೊನ್ನಕ್ಕ ಆ ತುರುಬು ಕಂಡಾಗಲೆಲ್ಲ ಮಾರಮ್ಮನನ್ನು ನೆನೆಯುತ್ತಿದ್ದಳು. ಅರಿಶಿನ ಉದುರಿ ಮುರಿದ ತುದಿ ಹೊರಗೆ ಕಾಣುತ್ತಿತ್ತು, ಅವಳ ಕಣ್ಣು ಅದರ ಮೇಲೇ ಹೋಗುತ್ತಿತ್ತು.

ವೈಶಾಖದ ಒಂದು ಬೆಳಗಿನ ಜಾವಕ್ಕೆ ಮುಂಚೆ ನೋವು ಶುರುವಾಯಿತು. ಹಿತ್ತಿಲ ಕಡೆಯ ಕೋಣೆಯಲ್ಲಿ ಸೂಲಗಿತ್ತಿ ಕಾಟಮ್ಮ, ಜೊತೆಗೆ ಹೊನ್ನಕ್ಕ. ಹೆರಿಗೆಯ ಕೋಣೆ ಎಂದರೆ ಪುರುಡಿನ ಮೈಲಿಗೆ. ಮಡಿಯವರು ಅದರೊಳಗೆ ಕಾಲಿಡುವಂತಿಲ್ಲ. ಭಾಗಿ ಒಂದು ಕೈಯಲ್ಲಿ ಹೊನ್ನಕ್ಕನ ತೋಳು, ಇನ್ನೊಂದು ಮುಷ್ಟಿಯಲ್ಲಿ ಮುಳ್ಳು ಹಿಡಿದಿದ್ದಳು. ಹೊತ್ತು ಹುಟ್ಟುವ ವೇಳೆಗೆ ಕೂಸು ಬಂತು, ಆದರೆ ಅಳಲಿಲ್ಲ. ನೀಲಿಯಾಗಿತ್ತು. ಕಾಟಮ್ಮ ಅದನ್ನು ತಲೆಕೆಳಗು ಹಿಡಿದು ಬೆನ್ನು ತಟ್ಟಿದಳು, ಬಾಯಲ್ಲಿ ಬೆರಳು ಹಾಕಿ ಲೋಳೆ ತೆಗೆದಳು, ಊದಿದಳು. ನನ್ನ ಮುಳ್ಳೇ, ನನ್ನ ಮುಳ್ಳೇ ಎಂದು ಹೊನ್ನಕ್ಕನ ತಲೆ ಬಡಿದುಕೊಳ್ಳುತ್ತಿತ್ತು. ಇನ್ನೇನು ಕೂಗಿಬಿಡಬೇಕು ಎನ್ನುವಾಗ ಕೂಸು ಒಮ್ಮೆ ಬಿಕ್ಕಿ, ಆಮೇಲೆ ಬೆಟ್ಟಕ್ಕೆ ಕೇಳುವ ಹಾಗೆ ಅತ್ತಿತು.

ಹೊರಗಿನಿಂದ ಯಾರೋ ಬಾಗಿಲು ಬಡಿದರು. ಹೊನ್ನಕ್ಕ ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಾಗಿಲು ತೆರೆದಳು. ಹೊಸ್ತಿಲ ಆಚೆ ನರಸಿಂಹಮ್ಮ ನಿಂತಿದ್ದರು. ಇಷ್ಟು ವರ್ಷ ಹೊಸ್ತಿಲ ಹೊರಗೆ ನಿಂತು ಒಳಗೆ ನೋಡುತ್ತಿದ್ದವಳು ಹೊನ್ನಕ್ಕ. ಇವತ್ತು ಅವಳು ಒಳಗಿದ್ದಳು, ಅವರು ಹೊರಗಿದ್ದರು.

"ಉಸಿರಿದೆಯೇನೇ? ಇಬ್ಬರಿಗೂ?"

"ಐತೆ ಕಣಮ್ಮ. ಇಬ್ರಿಗೂ ಐತೆ. ಎಣ್ಣು ಕೂಸು."

"ತೋರಿಸೇ."

ಹೊನ್ನಕ್ಕ ಕೂಸನ್ನು ಬಾಗಿಲಲ್ಲಿ ಬಿದ್ದ ಎಳೆಬಿಸಿಲಿಗೆ ಎತ್ತಿ ಹಿಡಿದಳು. ನರಸಿಂಹಮ್ಮ ಕೈ ಚಾಚಿದರು. ಕೈ ಹೊಸ್ತಿಲ ಮೇಲೆ ಬಂದು ಅಲ್ಲೇ ನಿಂತಿತು.

"ಮುಟ್ಟಬೇಕು ಅನ್ನಿಸುತ್ತೆ ಕಣೇ ಹೊನ್ನಕ್ಕ" ಎಂದರು.

ಹೊನ್ನಕ್ಕನಿಗೆ ಆ ಆಸೆ ಎಂಥದೆಂದು ಚೆನ್ನಾಗಿ ಗೊತ್ತಿತ್ತು. ಕೂಸನ್ನು ಇನ್ನಷ್ಟು ಹತ್ತಿರ, ಹೊಸ್ತಿಲ ಅಂಚಿನವರೆಗೂ ತಂದು ಹಿಡಿದಳು. ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡು, ಕಣ್ಣು ಒರೆಸಿಕೊಂಡು, ಪಕ್ಕದಲ್ಲಿಟ್ಟಿದ್ದ ಲೋಟವನ್ನು ಹೊಸ್ತಿಲ ಮೇಲಿಟ್ಟರು.

"ಮೊದಲನೇ ಡಿಕಾಕ್ಷನ್ನೇ. ಅಳು ಕೇಳಿದ ತಕ್ಷಣ ಬೆರೆಸ್ದೆ. ಕುಡಿ."

"ಎಲ್ಡೂ ಕೈನಾಗೂ ಕೂಸೈತೆ ಅಮ್ನೋರೆ. ಆಮ್ಯಾಕೆ ಕುಡೀತೀನಿ."

ನರಸಿಂಹಮ್ಮ ಹೋಗಲಿಲ್ಲ. ಅಲ್ಲೇ ನಿಂತು ಕೂಸನ್ನು ನೋಡುತ್ತಿದ್ದರು, ಹೊನ್ನಕ್ಕ ಅವರಿಗೆ ಕಾಣುವ ಹಾಗೆ ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಹೊಸ್ತಿಲ ಮೇಲಿನ ಕಾಫಿ ಆರಿ ತಣ್ಣಗಾಯಿತು.